ಸೊನ್ನೆ ಕಳೆದುಕೊಂಡ ಪೋರ್ಷೆ, 80 ಕೋಟಿಗೆ ಮಾರಾಟವಾದ ಅಂಬಾಸಿಡರ್: ಕಾರಿನ ಹೆಸರು ಯಾರ ಆಸ್ತಿ?

ಪೋರ್ಷೆ 911 ಅಂದ್ರೆ ಕಾರುಪ್ರಿಯರ ಕಣ್ಣು ಅರಳುತ್ತೆ. ಆದರೆ ಆ ಕಾರು ಹುಟ್ಟಿದಾಗ ಅದರ ಹೆಸರು 911 ಆಗಿರಲಿಲ್ಲ. 1963ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಜರ್ಮನಿಯ ಪೋರ್ಷೆ ಕಂಪನಿ ಅದನ್ನು ಜನರ ಮುಂದಿಟ್ಟಿದ್ದು 901 ಅಂತ. ಮರುವರ್ಷ ಫ್ರಾನ್ಸಿನ ಪ್ಯೂಜೊ ತಕರಾರು ತೆಗೆಯಿತು. 1929ರ 201 ಮಾದರಿಯಿಂದಲೂ ನಡುವೆ ಸೊನ್ನೆ ಇರುವ ಮೂರಂಕಿ ಹೆಸರುಗಳನ್ನು ಬಳಸುತ್ತಿದ್ದೇವೆ, ಫ್ರಾನ್ಸಿನಲ್ಲಿ ಅದರ ಹಕ್ಕು ನಮ್ಮದು ಅನ್ನೋದು ಪ್ಯೂಜೊ ವಾದ. ಪೋರ್ಷೆ ಜಗಳಕ್ಕಿಳಿಯದೆ ಸೊನ್ನೆ ತೆಗೆದು 1 ಹಾಕಿತು. ಕಾರು ಅದೇ, ಹೆಸರು ಮಾತ್ರ ಹೊಸದು.

ಕಾರಿಗೆ ಹೆಸರಿಡೋದು ಬರೀ ಜಾಹೀರಾತಿನ ಜಾಣ್ಮೆಯಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. 901 ಅನ್ನೋದು ಪೋರ್ಷೆಯ ಒಳಗಿನ ವಿನ್ಯಾಸ ಸಂಖ್ಯೆ. ಬ್ರಿಟನ್ನಿನ ಮಾರಿಸ್ ಕಂಪನಿ ತನ್ನ ಊರಿನ ಹೆಸರನ್ನೇ ಕಾರಿಗೆ ಕೊಟ್ಟು 'ಮಾರಿಸ್ ಆಕ್ಸ್‌ಫರ್ಡ್' ಅಂದಿತು. ಹೆಸರಿನ ಮೂಲ ಏನೇ ಇರಲಿ, ಕೊನೆಗೆ ಉಳಿಯೋ ಪ್ರಶ್ನೆ ಒಂದೇ: ಅದನ್ನು ಬಳಸೋ ಹಕ್ಕು ಯಾರಿಗಿದೆ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನೊಂದು ಮುಖವಿದೆ. ಸ್ವಾತಂತ್ರ್ಯದ ನಂತರ ಕಾರುಗಳ ಆಮದಿಗೆ ಕಡಿವಾಣ ಬಿತ್ತು. ಕಾರು ತಯಾರಿಸೋಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು, ತಂತ್ರಜ್ಞಾನ ಮಾತ್ರ ಹೊರಗಿನಿಂದ ಬರಬೇಕಿತ್ತು. ಹಿಂದುಸ್ತಾನ್ ಮೋಟಾರ್ಸ್ ಇದೇ ಮಾರಿಸ್ ಆಕ್ಸ್‌ಫರ್ಡ್‌ನ ಎರಡನೇ ಸರಣಿಯನ್ನು 'ಲ್ಯಾಂಡ್‌ಮಾಸ್ಟರ್' ಅಂತ ಮಾರಿತು. ಮೂರನೇ ಸರಣಿ 1950ರ ದಶಕದ ಕೊನೆಗೆ 'ಅಂಬಾಸಿಡರ್' ಆಯ್ತು. ಅಂಬಾಸಿಡರ್ ಅಂದ್ರೆ ರಾಯಭಾರಿ. ಜಗತ್ತಿನ ಮುಂದೆ ತಲೆಯೆತ್ತಿ ನಿಲ್ಲಬೇಕೆಂದಿದ್ದ ಹೊಸ ದೇಶಕ್ಕೆ ಒಪ್ಪುವ ಹೆಸರು. ಮಂತ್ರಿಗಳ ಕೆಂಪು ದೀಪದ ಕಾರಾಗಿ ಅದು ಅಧಿಕಾರದ ಗುರುತೂ ಆಯ್ತು.

ಮುಂಬೈನ ಪ್ರೀಮಿಯರ್ ಕಥೆ ಇನ್ನೂ ಸ್ವಾರಸ್ಯಕರ. ಅದು ಇಟಲಿಯ ಫಿಯೆಟ್ 1100 ಕಾರನ್ನು ಇಲ್ಲೇ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಫಿಯೆಟ್ ಹೆಸರು ಹೋಯ್ತು. ಕಾರು ಮೊದಲು 'ಪ್ರೀಮಿಯರ್ ಪ್ರೆಸಿಡೆಂಟ್' ಆಗಿ, ಆಮೇಲೆ 'ಪ್ರೀಮಿಯರ್ ಪದ್ಮಿನಿ' ಆಯ್ತು. ಚಿತ್ತೋರಿನ ರಾಣಿಯ ಹೆಸರು ಬಂದರೂ ಒಳಗಿದ್ದದ್ದು ಅದೇ ಇಟಲಿಯ ವಿನ್ಯಾಸ. ಜನ ಮಾತ್ರ ಅದನ್ನು ಎಷ್ಟೋ ವರ್ಷ 'ಫಿಯೆಟ್' ಅಂತಲೇ ಕರೆದರು. ಬ್ಯಾಡ್ಜ್ ಬದಲಿಸಬಹುದು, ಜನರ ಬಾಯಿಯನ್ನಲ್ಲ.

ಪೈಪೋಟಿಯೇ ಇಲ್ಲದ ಆ ಮಾರುಕಟ್ಟೆಯಲ್ಲಿ ಹೊಸ ಕಾರು ಕೊಡೋದಕ್ಕಿಂತ ಹೊಸ ಹೆಸರು ಕೊಡೋದು ಸುಲಭವಿತ್ತು. ಅಂಬಾಸಿಡರ್ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಅಂಕಿ ಏರುತ್ತಾ ಹೋಯ್ತು. ದೇಹದ ಆಕಾರ ಬಹುತೇಕ ಹಾಗೇ ಉಳಿಯಿತು.

2014ರಲ್ಲಿ ಪಶ್ಚಿಮ ಬಂಗಾಳದ ಉತ್ತರ್‌ಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಮಾರಾಟವಾಯ್ತು. ಆ ಹಣದಿಂದ ನೌಕರರ ಮತ್ತು ಸಾಲಗಾರರ ಬಾಕಿ ತೀರಿಸೋದಾಗಿ ಮಾಲೀಕರು ಹೇಳಿದ್ದರು. ಕೊಂಡವರು ಯಾರು ಗೊತ್ತಾ? ಒಂದು ಸೊನ್ನೆಗಾಗಿ ಪೋರ್ಷೆಯನ್ನು ಮಣಿಸಿದ್ದ ಅದೇ ಪ್ಯೂಜೊದ ಸಮೂಹ.

ಕಾರ್ಖಾನೆ ನಿಂತಾಗ ಕೆಲಸಗಾರರ ಕೈ ಖಾಲಿಯಾಯ್ತು. ಅವರ ದುಡಿಮೆಯಿಂದ ಬೆಲೆ ಪಡೆದ ಹೆಸರು ಮಾತ್ರ ಪ್ಯಾರಿಸ್‌ಗೆ ಹೋಯ್ತು. ಇನ್ನು ಮುಂದೆ ಹಳೆಯ ಹೆಸರೊಂದು ಹೊಸ ಕಾರಿನ ಮೇಲೆ ಹೊಳೆದರೆ, ಆ ಹೆಸರು ಈಗ ಯಾರದ್ದು ಅಂತ ಒಮ್ಮೆ ಕೇಳಿ.