ಸೊಪ್ಪು ಬಾಡಿದ್ದೆಲ್ಲಿ? ಫ್ಲೋಚಾರ್ಟ್ ಬರೆದು ನೋಡಿ



ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಕಳಿಸಿದ ಪಾಲಕ್‌ನಲ್ಲಿ ಎರಡು ಕ್ರೇಟ್ ವಾಪಸ್ ಬಂತು. ‘ಬಾಡಿದೆ, ಇನ್ನೊಂದು ಸಲ ಹೀಗಾದ್ರೆ ಆರ್ಡರ್ ನಿಲ್ಲಿಸ್ತೀವಿ’ ಅಂದ್ರು ಅಂಗಡಿಯವರು. ತೋಟಗಾರಿಕೆ ಓದಿದವನು ನಾನು. ತಪ್ಪನ್ನು ತಳಿಯಲ್ಲಿ, ಗೊಬ್ಬರದಲ್ಲಿ ಹುಡುಕಿದೆ. ಅದು ಇದ್ದದ್ದು ಕೆಲಸದ ಸರದಿಯಲ್ಲಿ.

ಫ್ಲೋಚಾರ್ಟ್ ಅಂದ್ರೆ ಕೆಲಸ ಸಾಗುವ ದಾರಿಯ ನಕ್ಷೆ. ಗಾರೆ ಕೆಲಸದಿಂದ ಮೇಲೆ ಬಂದ ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಮತ್ತು ಪತ್ನಿ ಲಿಲಿಯನ್ 1921ರಲ್ಲೇ ಇಂಥ ನಕ್ಷೆಯನ್ನು ಎಂಜಿನಿಯರುಗಳ ಮುಂದಿಟ್ಟಿದ್ದರು. ನಮಗೆ ಒಂದು ಹಾಳೆ, ಪೆನ್ಸಿಲ್ ಸಾಕು. ಗುರುತುಗಳು ನಾಲ್ಕೇ:

• ಮೊಟ್ಟೆಯಾಕಾರ – ಶುರು, ಕೊನೆ
• ಆಯತ – ಒಂದು ಕೆಲಸ
• ವಜ್ರಾಕಾರ – ಪ್ರಶ್ನೆ; ಹೌದು, ಇಲ್ಲ ಎಂಬ ಎರಡು ದಾರಿ
• ಬಾಣ – ಮುಂದೇನು

ಮೊದಲು ಮನೆಯಲ್ಲೇ ಕೂತು ಬರೆದೆ: ಕೊಯ್ಯು, ತೊಳೆ, ಕಟ್ಟು, ತುಂಬು, ಕಳಿಸು. ಸೊಪ್ಪು ಕೊಯ್ಯುವ ಅಕ್ಕನಿಗೆ ತೋರಿಸಿದೆ. ‘ಇದ್ರಲ್ಲಿ ನಾವು ಕಾಯೋದೇ ಇಲ್ವಲ್ಲಣ್ಣ!’ ಅಂದರು.

ಮಾರನೇ ದಿನ ಬೆಳಿಗ್ಗೆ 6ರಿಂದ ಸೊಪ್ಪಿನ ಹಿಂದೆಯೇ ನಡೆದೆ. ಪ್ರತಿ ಆಯತದ ಪಕ್ಕ ಹೊತ್ತು ಬರೆದೆ. 7.30ಕ್ಕೆ ಕೊಯ್ಲು ಮುಗೀತು. 9ರವರೆಗೆ ಸೊಪ್ಪು ಬದುವಿನ ಮೇಲೆ ಬಿಸಿಲಲ್ಲಿ! ಕ್ರೇಟ್ ಇನ್ನೂ ತೊಳೆದಿರಲಿಲ್ಲ. ಯಾವುದು ಎಷ್ಟು ಕಟ್ಟು ಬೇಕೆಂಬ ಫೋನ್ ಬರುತ್ತಿದ್ದದ್ದೇ 9ಕ್ಕೆ. ಕೊಯ್ದ ಎಲೆಗೆ ಬೇರಿನಿಂದ ನೀರು ಬರೋದಿಲ್ಲ, ಆದರೆ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತೆ. ಬಾಡದೆ ಇನ್ನೇನು?

ಹೊಸ ನಕ್ಷೆಯಲ್ಲಿ ಆರ್ಡರ್ ಕೇಳೋದು, ಕ್ರೇಟ್ ತೊಳೆಯೋದು ಹಿಂದಿನ ಸಂಜೆಗೆ ಹೋಯಿತು. ಕೊಯ್ದ ಸೊಪ್ಪು ನೇರ ನೆರಳಿಗೆ. ತುಂಬುವ ಮುಂಚೆ ಒಂದು ವಜ್ರ: ‘ಎಲೆಯಲ್ಲಿ ನೀರು ನಿಂತಿದೆಯಾ?’ ಹೌದಾದರೆ ಜಾಲರಿ ಮೇಲೆ ಸೋರಲು ಬಿಡಿ, ಮತ್ತೆ ನೋಡಿ. ಒದ್ದೆ ತುಂಬಿದರೆ ಕೊಳೆಯುತ್ತೆ. ಇಲ್ಲವಾದರೆ ತುಂಬಿ. ಆಮೇಲೆ ಬಾಡಿದೆ ಅಂತ ಒಂದು ಕ್ರೇಟೂ ವಾಪಸ್ ಬಂದಿಲ್ಲ. ಖರ್ಚಾಗಿದ್ದು ಒಂದು ಹಾಳೆ.

ನೀವು ಬರೆಯುವಾಗ ಇಷ್ಟು ನೆನಪಿಡಿ:

1. ಹೇಗೆ ನಡೀಬೇಕು ಅಂತಲ್ಲ, ಈಗ ಹೇಗೆ ನಡೀತಿದೆ ಅಂತ ಮೊದಲು ಬರೆಯಿರಿ.
2. ಕಾಯುವುದನ್ನೂ ಒಂದು ಆಯತವಾಗಿ ಬರೆಯಿರಿ. ನಷ್ಟ ಅಲ್ಲೇ ಅಡಗಿರುತ್ತೆ.
3. ‘ಇಲ್ಲ’ ಎಂಬ ಬಾಣ ಎಲ್ಲಿಗೆ ಹೋಗುತ್ತೆ ಅಂತ ತೋರಿಸದೆ ಬಿಡಬೇಡಿ.
4. ಒಂದೇ ಹಾಳೆಯಲ್ಲಿ ಮುಗಿಸಿ, ಶೆಡ್ಡಿನ ಗೋಡೆಗೆ ಅಂಟಿಸಿ.

ಕೆಲಸ ಮಾಡುವವರ ಜೊತೆ ಕೂತೇ ಬರೆಯಿರಿ. ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ದಿನಾ ಕಾಣ್ತಿರುತ್ತೆ.