ಒಂದೇ ಹಾಟ್‌ಸ್ಪಾಟ್‌ನಲ್ಲಿ ನಾಲ್ವರು ಒಂದೇ ಮ್ಯಾಚ್ ನೋಡಿದರೆ ಡೇಟಾ ಒಂದೇ ಸಲ ಖರ್ಚಾಗುತ್ತದೆಯೇ?

"ನಾಲ್ವರೂ ನೋಡುತ್ತಿರುವುದು ಒಂದೇ ಮ್ಯಾಚ್ ತಾನೆ? ಡೇಟಾನೂ ಒಬ್ಬರದ್ದಷ್ಟೇ ಹೋಗುತ್ತೆ ಬಿಡಿ." ಹೀಗೆ ನಂಬಿ ಮನೆಮಂದಿಗೆಲ್ಲ ಹಾಟ್‌ಸ್ಪಾಟ್ ಕೊಡುವವರಿದ್ದಾರೆ. ಇದು ತಪ್ಪು. ಸೆಕೆಂಡಿಗೆ 2 ಮೆಗಾಬಿಟ್‌ನ ವಿಡಿಯೋ ಗಂಟೆಗೆ ಸುಮಾರು 900 ಎಂಬಿ ತಿನ್ನುತ್ತದೆ. ನಾಲ್ಕು ಫೋನಿಗೆ 3.6 ಜಿಬಿ. ನಿಮ್ಮದು ದಿನಕ್ಕೆ 2 ಜಿಬಿಯ ಪ್ಯಾಕ್ ಆಗಿದ್ದರೆ ಅರ್ಧ ಗಂಟೆ ದಾಟುತ್ತಿದ್ದಂತೆ ಖಾಲಿ.

ಹಾಗೆಂದು ನಂಬಿದವರು ದಡ್ಡರೇನಲ್ಲ. ಒಂದೇ ಪ್ರತಿ ಕಳಿಸಿ ಎಲ್ಲರಿಗೂ ತಲುಪಿಸುವ ತಂತ್ರ ನಿಜಕ್ಕೂ ಇದೆ. ಅದರ ಹೆಸರು ಮಲ್ಟಿಕಾಸ್ಟ್. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀವ್ ಡೀರಿಂಗ್ ರೂಪಿಸಿದ ಇದರ ನಿಯಮಗಳು 1989ರಲ್ಲೇ ಪ್ರಕಟವಾಗಿವೆ.

ಸರ್ಕಾರಿ ಸುತ್ತೋಲೆಯನ್ನು ನೆನಪಿಸಿಕೊಳ್ಳಿ. ಬೆಂಗಳೂರಿನಿಂದ ಪ್ರತಿ ಪಂಚಾಯಿತಿಗೂ ಬೇರೆ ಬೇರೆ ಲಕೋಟೆ ಕಳಿಸುವ ಬದಲು ಜಿಲ್ಲೆಗೆ ಒಂದೇ ಹಾಳೆ ಹೋದರೆ ಸಾಕು. ಅಲ್ಲಿ ತಾಲ್ಲೂಕುಗಳಿಗೆ ಜೆರಾಕ್ಸ್, ತಾಲ್ಲೂಕಿನಲ್ಲಿ ಪಂಚಾಯಿತಿಗಳಿಗೆ ಜೆರಾಕ್ಸ್. ಮಲ್ಟಿಕಾಸ್ಟ್‌ನಲ್ಲಿ ಈ ಜೆರಾಕ್ಸ್ ಕೆಲಸ ರೂಟರ್‌ಗಳದ್ದು. ದಾರಿ ಕವಲೊಡೆಯುವಲ್ಲಿ ಮಾತ್ರ ಪ್ರತಿ ಮಾಡುತ್ತವೆ, ಅದೂ ಕೇಳಿದವರಿದ್ದ ಕಡೆಗೆ ಮಾತ್ರ.

ಯಾರು ಕೇಳಿದ್ದಾರೆಂದು ಗೊತ್ತಾಗುವುದು ಹೇಗೆ? ಇಲ್ಲಿ ದಾರಿ ಹುಟ್ಟುವುದು ಕಳಿಸುವವರಿಂದಲ್ಲ, ಪಡೆಯುವವರಿಂದ. ಪ್ರತಿ ಪ್ರಸಾರಕ್ಕೂ 224ರಿಂದ 239ರೊಳಗಿನ ಸಂಖ್ಯೆಯಿಂದ ಶುರುವಾಗುವ ಒಂದು ಗುಂಪಿನ ವಿಳಾಸ ಇರುತ್ತದೆ. "ನನಗೆ ಈ ಗುಂಪಿನದ್ದು ಬೇಕು" ಎಂದು ನಿಮ್ಮ ಸಾಧನ ಹತ್ತಿರದ ರೂಟರ್‌ಗೆ ಹೇಳುತ್ತದೆ. ಅದರ ಬಳಿ ಆ ಪ್ರಸಾರ ಈಗಾಗಲೇ ಬರುತ್ತಿದ್ದರೆ ನಿಮ್ಮ ಕಡೆಗೊಂದು ಪ್ರತಿ ತಿರುಗಿಸಿದರೆ ಮುಗಿಯಿತು. ಇಲ್ಲದಿದ್ದರೆ ಕೋರಿಕೆ ಮೂಲದ ದಿಕ್ಕಿನ ಮುಂದಿನ ರೂಟರ್‌ಗೆ ಹೋಗುತ್ತದೆ. ಪ್ರಸಾರ ಇರುವ ರೂಟರ್ ಸಿಗುವವರೆಗೂ ಹೀಗೇ. ಕೊನೆಗೆ ಮರದಂತೆ ಒಂದು ಜಾಲ ಬೆಳೆಯುತ್ತದೆ. ಒಂದು ಕೊಂಬೆಯ ಕೊನೆಯ ವೀಕ್ಷಕರೂ ಎದ್ದುಹೋದರೆ ಆ ಕೊಂಬೆ ಉದುರುತ್ತದೆ. ಪ್ರತಿಗಳು ಸುತ್ತಿ ಸುತ್ತಿ ಬರದಂತೆಯೂ ಕಾವಲಿದೆ: ಮೂಲದ ಕಡೆಯ ದಾರಿಯಿಂದ ಬಂದ ಪ್ಯಾಕೆಟ್ಟನ್ನಷ್ಟೇ ರೂಟರ್ ಮುಂದಕ್ಕೆ ಬಿಡುತ್ತದೆ, ಬೇರೆ ಕಡೆಯಿಂದ ಬಂದದ್ದನ್ನು ಎಸೆಯುತ್ತದೆ. ಕಳಿಸುವವರಿಗೆ ನೋಡುವವರು ನಾಲ್ವರೋ ನಾಲ್ಕು ಕೋಟಿಯೋ ಗೊತ್ತೇ ಇರುವುದಿಲ್ಲ.

1994ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಸಂಗೀತ ಕಾರ್ಯಕ್ರಮದ ಒಂದು ಭಾಗ ಹೀಗೇ ಇಂಟರ್‌ನೆಟ್‌ನಲ್ಲಿ ಪ್ರಸಾರವಾಗಿತ್ತು. ಹಾಗಾದರೆ ನಮ್ಮ ಕ್ರಿಕೆಟ್ಟಿಗೆ ಏಕಿಲ್ಲ? ದಾರಿಯಲ್ಲಿರುವ ಪ್ರತಿ ಕಂಪನಿಯೂ ತನ್ನ ರೂಟರ್‌ಗಳಲ್ಲಿ ಇದನ್ನು ಚಾಲೂ ಮಾಡಬೇಕು, ಪ್ರತಿ ಗುಂಪಿನ ಲೆಕ್ಕ ಇಟ್ಟುಕೊಳ್ಳಬೇಕು. ಜೆರಾಕ್ಸ್ ಖರ್ಚು ಯಾರದ್ದು ಎಂಬ ತಕರಾರು ಬೇರೆ. ನನ್ನ ಪ್ರಕಾರ ಇದು ತಂತ್ರಜ್ಞಾನದ ಸೋಲಿಗಿಂತ ವ್ಯವಹಾರದ ಸೋಲು. ಜೊತೆಗೆ, ಎಲ್ಲರಿಗೂ ಒಂದೇ ಪ್ರತಿ ಎಂದರೆ ನಿಮಗೊಬ್ಬರಿಗೇ ಪಾಸ್ ಮಾಡುವುದು, ಸಿಗ್ನಲ್‌ಗೆ ತಕ್ಕಂತೆ ಗುಣಮಟ್ಟ ಬದಲಿಸುವುದು ಕಷ್ಟ.

ಹಾಗಾಗಿ ಆ್ಯಪ್‌ಗಳು ಬೇರೆ ದಾರಿ ಹಿಡಿದವು: ಊರೂರಿನ ಸರ್ವರ್‌ಗಳಲ್ಲಿ ವಿಡಿಯೋ ಇಟ್ಟು, ಅಲ್ಲಿಂದ ಪ್ರತಿ ಫೋನಿಗೂ ಬೇರೆ ಪ್ರತಿ ಕಳಿಸುವುದು. 2023ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡಿದಾಗಲೂ ಆದದ್ದು ಇದೇ. ಒಂದೇ ಕಂಪನಿಯ ಹಿಡಿತದಲ್ಲಿರುವ ಜಾಲಗಳಲ್ಲಿ, ಅಂದರೆ ಐಪಿಟಿವಿ ಚಾನೆಲ್‌ಗಳಲ್ಲಿ, ಷೇರುಪೇಟೆಯ ದರ ಪ್ರಸಾರದಲ್ಲಿ ಮಲ್ಟಿಕಾಸ್ಟ್ ಇಂದಿಗೂ ದುಡಿಯುತ್ತಿದೆ.

ಡೇಟಾ ಉಳಿಸಬೇಕಿದ್ದರೆ ನಾಲ್ವರೂ ಒಂದೇ ಪರದೆಯ ಮುಂದೆ ಕೂರುವುದೇ ಉಪಾಯ. ಟಿವಿಗೆ ಕಾಸ್ಟ್ ಮಾಡಿದರೂ ಆಯಿತು. ಅಂದಹಾಗೆ ಕ್ರೋಮ್‌ಕಾಸ್ಟ್‌ನಂಥ ಸಾಧನ ಮನೆಯಲ್ಲಿ ಎಲ್ಲಿದೆ ಎಂದು ನಿಮ್ಮ ಫೋನ್ ವಿಚಾರಿಸುವುದು 224.0.0.251 ಎಂಬ ಮಲ್ಟಿಕಾಸ್ಟ್ ವಿಳಾಸದಲ್ಲಿ. ಆ ಪ್ರಶ್ನೆ ಮಾತ್ರ ನಿಮ್ಮ ಮನೆಯ ರೂಟರ್ ದಾಟಿ ಹೊರಗೆ ಹೋಗುವುದಿಲ್ಲ.