ಕಾಳ್ಗಿಚ್ಚಿನೊಡನೆ ಕಾಳಗ

ಮೈಸೂರಿನಿಂದ ಉದಕಮಂಡಲದ ಕಡೆಗೆ ಸಾಗುವ ಹೆದ್ದಾರಿ ಗುಂಡ್ಲುಪೇಟೆಯನ್ನು ದಾಟಿದ ಮೇಲೆ, ಹೊಲಗಳು ಹಿಂದೆ ಸರಿದು ಬಂಡೀಪುರದ ಅರಣ್ಯ ಎದುರಾಗುತ್ತದೆ. ಬಲಗಡೆಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ತಲೆಯೆತ್ತಿ ನಿಂತಿದೆ. ಮಂಜನ್ನು ಹೊದ್ದು ನಿಲ್ಲುವುದರಿಂದಲೇ ಹಿಮವದ್ ಎಂಬ ಹೆಸರನ್ನು ಪಡೆದ ಈ ಬೆಟ್ಟ 2019ರ ಫೆಬ್ರವರಿಯ ಕೊನೆಯ ವಾರದಲ್ಲಿ ಹೊಗೆಯನ್ನು ಹೊದ್ದಿತ್ತು. ಆ ತಿಂಗಳ 21ರಂದು ಕಾಡಿನಲ್ಲಿ ಕಾಣಿಸಿಕೊಂಡ ಬೆಂಕಿ ಗಾಳಿಯ ಬೆನ್ನೇರಿ ಹಬ್ಬಿತು. 23ರ ಶನಿವಾರದ ಹೊತ್ತಿಗೆ ಬೆಟ್ಟದ ಇಳಿಜಾರುಗಳೂ ಉರಿಯತೊಡಗಿದವು. ಬೆಂಕಿ ನಂದಿದ ಬಳಿಕ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದಾಗ, ಸುಟ್ಟುಹೋದ ನೆಲ ಸುಮಾರು 4,400 ಹೆಕ್ಟೇರು ಎಂದು ತಿಳಿದುಬಂದಿತು. ಅಂದರೆ ಹತ್ತು ಸಾವಿರ ಎಕರೆಗೂ ಹೆಚ್ಚು.

ಕಾಳ್ಗಿಚ್ಚನ್ನು ಶತ್ರುಸೈನ್ಯಕ್ಕೆ ಹೋಲಿಸುವುದು ಕವಿಗಳಿಗೆ ಹೊಸದಲ್ಲ. ಆದರೆ ಈ ಹೋಲಿಕೆ ಕೇವಲ ಅಲಂಕಾರವಲ್ಲ. ಸೈನ್ಯಕ್ಕೆ ಆಹಾರ ಬೇಕು, ದಾರಿ ಬೇಕು, ಅನುಕೂಲವಾದ ಸಮಯ ಬೇಕು. ಬೆಂಕಿಗೂ ಅಷ್ಟೇ. ಒಣಗಿದ ಹುಲ್ಲು ಮತ್ತು ತರಗೆಲೆ ಅದರ ಆಹಾರ. ಗಾಳಿ ಅದರ ಕುದುರೆ. ಎಲೆಯುದುರಿದ ಮಾಘ ಫಾಲ್ಗುಣಗಳು ಅದರ ಸಮಯ. ಮನುಷ್ಯನು ಬೆಟ್ಟವನ್ನು ಏರುವಾಗ ಏದುಸಿರು ಬಿಡುತ್ತಾನೆ. ಬೆಂಕಿಯಾದರೋ ಏರುವಾಗಲೇ ಹೆಚ್ಚು ವೇಗವಾಗಿ ಓಡುತ್ತದೆ. ಕೆಳಗಿನ ಜ್ವಾಲೆಯ ಕಾವು ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಕಾಯಿಸಿ ಇಡುವುದೇ ಇದಕ್ಕೆ ಕಾರಣ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆಂದು ಬೆಂಕಿಯನ್ನು ಅಭ್ಯಸಿಸಿದವರು ಲೆಕ್ಕ ಹಾಕಿದ್ದಾರೆ. ಇನ್ನು ಸೋತಂತೆ ನಟಿಸುವ ಉಪಾಯವೂ ಅದಕ್ಕೆ ತಿಳಿದಿದೆ. ಬಿದ್ದ ಮರದ ಬೊಡ್ಡೆಯಲ್ಲಿ, ಒಣಗಿದ ಆನೆಲದ್ದಿಯಲ್ಲಿ ಕೆಂಡವಾಗಿ ಅಡಗಿದ್ದು, ಕಾವಲುಗಾರರು ಹಿಂತಿರುಗಿದ ಮೇಲೆ ಒಂದು ಬೀಸುಗಾಳಿಗೆ ಮತ್ತೆ ಎದ್ದು ನಿಲ್ಲುತ್ತದೆ.

ಇಂತಹ ವೈರಿಯೊಡನೆ ಹೋರಾಡುವ ಸಿದ್ಧತೆ ಬೇಸಗೆಯಲ್ಲಿ ಅಲ್ಲ, ಚಳಿಗಾಲದಲ್ಲೇ ಆರಂಭವಾಗಬೇಕು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಅರಣ್ಯದ ಗಡಿಯಲ್ಲಿಯೂ ರಸ್ತೆಗಳ ಇಕ್ಕೆಲಗಳಲ್ಲಿಯೂ ಹುಲ್ಲು ಪೊದೆಗಳನ್ನು ಕಡಿದು, ಹತೋಟಿಯಲ್ಲಿ ಸುಟ್ಟು, ಬರಿಯ ನೆಲದ ಪಟ್ಟಿಗಳನ್ನು ಮಾಡುತ್ತಾರೆ. ಇವೇ ಬೆಂಕಿರೇಖೆಗಳು. ಕೋಟೆಗೆ ಕಂದಕವಿದ್ದಂತೆ ಕಾಡಿಗೆ ಬೆಂಕಿರೇಖೆ. ಜೊತೆಗೆ ಸುತ್ತಲಿನ ಹಳ್ಳಿ ಹಾಡಿಗಳ ಜನರನ್ನು ಬೇಸಗೆಯ ಅವಧಿಗೆ ಬೆಂಕಿ ಕಾವಲುಗಾರರನ್ನಾಗಿ ನೇಮಿಸಿಕೊಳ್ಳುವ ಪದ್ಧತಿಯಿದೆ. ಹೊಗೆ ಕಂಡೊಡನೆ ಓಡುವವರು ಇವರೇ. ಇವರ ಆಯುಧವಾದರೂ ಏನು? ಹಸಿರು ಸೊಪ್ಪಿನ ಕೊಂಬೆ, ಕತ್ತಿ, ಬೆನ್ನಿನ ಮೇಲೊಂದು ನೀರಿನ ಡಬ್ಬಿ. ಬೆಂಕಿಯ ಅಂಚನ್ನು ಸೊಪ್ಪಿನಿಂದ ಬಡಿಬಡಿದು ಆರಿಸುವುದು, ಅದು ಸಾಲದಾದಾಗ ಮುಂದಿನ ಹುಲ್ಲಿಗೆ ತಾವೇ ಎದುರುಬೆಂಕಿಯನ್ನು ಕೊಟ್ಟು ವೈರಿಗೆ ಉಣ್ಣಲು ಏನೂ ಉಳಿಯದಂತೆ ಮಾಡುವುದು, ಇವು ಅವರ ಯುದ್ಧತಂತ್ರ. ಗಾಳಿಯ ದಿಕ್ಕು ಬದಲಾದರೆ ಕ್ಷಣಮಾತ್ರದಲ್ಲಿ ಸುತ್ತುವರಿಯುವ ಬೆಂಕಿಯಿಂದ ಹೊರಬರುವ ದಾರಿಯನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನು ಆರಿಸಲು ನುಗ್ಗಿದ ತರುಣ ಅರಣ್ಯ ರಕ್ಷಕನೊಬ್ಬ ಜ್ವಾಲೆಗಳ ನಡುವೆ ಸಿಕ್ಕಿ ಪ್ರಾಣ ಬಿಟ್ಟನು. ರಣರಂಗದಲ್ಲಿ ಮಡಿದ ಯೋಧನ ಮರಣಕ್ಕಿಂತ ಈ ಮರಣ ಯಾವ ವಿಧದಲ್ಲಿ ಕಡಮೆ?

2019ರಲ್ಲಿ ನೆಲದ ಪಡೆಯ ಬಲ ಸಾಲದೆ ಹೋದಾಗ ವಾಯುಸೇನೆಯ ನೆರವನ್ನು ಕೋರಲಾಯಿತು. ಫೆಬ್ರವರಿ 25ರ ಸೋಮವಾರ ಎಂಐ-17 ಹೆಲಿಕಾಪ್ಟರುಗಳು ಬಂದವು. ಸೈನಿಕರನ್ನೂ ಯುದ್ಧಸಾಮಗ್ರಿಯನ್ನೂ ಹೊರಲು ನಿರ್ಮಿಸಿದ ಈ ಯಂತ್ರಗಳು ಅಂದು ಹೊತ್ತದ್ದು ನೀರನ್ನು. ಹೆಲಿಕಾಪ್ಟರಿನ ಕೆಳಗೆ ತೂಗುಬಿಟ್ಟ ದೊಡ್ಡ ಚೀಲವೊಂದನ್ನು ಜಲಾಶಯದಲ್ಲಿ ಮುಳುಗಿಸಿ, ತುಂಬಿಸಿ, ಉರಿಯುವ ಇಳಿಜಾರಿನ ಮೇಲೆ ತಂದು ಸುರಿಯುತ್ತಿದ್ದರು. ಮರುದಿನ ನಸುಕಿನಲ್ಲಿಯೇ ಇದೇ ವಾಯುಸೇನೆಯ ವಿಮಾನಗಳು ಬಾಲಾಕೋಟೆಯ ಮೇಲೆ ದಾಳಿ ನಡೆಸಿದವು. ದೇಶವೆಲ್ಲ ಆ ಸುದ್ದಿಯ ಕಡೆಗೆ ತಿರುಗಿತು. ಬಂಡೀಪುರದ ಸುದ್ದಿ ಪತ್ರಿಕೆಗಳಲ್ಲಿ ಹಿಂದಾಯಿತು.

ಆಕಾಶದಿಂದ ನೀರು ಸುರಿಯುವ ದೃಶ್ಯ ಕಣ್ಣಿಗೆ ಬೆರಗನ್ನುಂಟುಮಾಡುವುದು ಸಹಜ. ಮನುಷ್ಯನ ಕಾಲು ನಿಲ್ಲದ ಕಡಿದಾದ ಜಾಗಗಳಿಗೆ ಹೆಲಿಕಾಪ್ಟರಲ್ಲದೆ ಬೇರೆ ಗತಿಯೂ ಇಲ್ಲ. ಆದರೆ ಅದಕ್ಕೆ ಮಿತಿಗಳುಂಟು. ಎತ್ತರದಿಂದ ಸುರಿದರೆ ನೀರು ಹನಿಹನಿಯಾಗಿ ಚೆದರಿ ಕಾವಿಗೆ ಆವಿಯಾಗುತ್ತದೆ. ತಗ್ಗಿ ಹಾರಿದರೆ ರೆಕ್ಕೆಗಳ ಗಾಳಿಯೇ ಬೆಂಕಿಯನ್ನು ಊದುತ್ತದೆ. ಕತ್ತಲಾದ ಮೇಲೆ ಇಂತಹ ಕಾಡಿನಲ್ಲಿ ಅದು ಕೆಲಸ ಮಾಡಲಾರದು. ನೀರು ಬಿದ್ದ ಜಾಗಕ್ಕೆ ಕಾಲಾಳುಗಳು ಹೋಗಿ ಕೆಂಡಗಳನ್ನು ಕೆದಕಿ ನಂದಿಸದಿದ್ದರೆ ಸುರಿದ ನೀರೆಲ್ಲ ವ್ಯರ್ಥ. ನೆಲದ ಪಡೆಯಿಲ್ಲದೆ ಬಾನಿನ ಪಡೆಯೊಂದೇ ಗೆದ್ದುಕೊಡುವುದಿಲ್ಲ ಎಂಬುದು ಸೇನಾಪತಿಗಳಿಗೆ ಹಳೆಯ ಪಾಠ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅರಣ್ಯ ಇಲಾಖೆಯವರು, ಅಗ್ನಿಶಾಮಕ ದಳದವರು, ಹೆಲಿಕಾಪ್ಟರಿನ ಚಾಲಕರು, ಬೆಂಗಳೂರು ಮೈಸೂರುಗಳಿಂದ ಉತ್ಸಾಹದಿಂದ ಧಾವಿಸಿ ಬಂದ ನೂರಾರು ಸ್ವಯಂಸೇವಕರು, ಇವರೆಲ್ಲರಿಗೂ ಆಜ್ಞೆ ಕೊಡುವವರು ಯಾರು? ಕಾಡಿನ ದಾರಿ ತಿಳಿಯದ ಉತ್ಸಾಹಿಯು ಬೆಂಕಿಯ ಮುಂದೆ ಸಹಾಯಕನಾಗುವ ಬದಲು ಕಾಪಾಡಬೇಕಾದ ಮತ್ತೊಂದು ಜೀವವಾಗಬಹುದು. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹದಿಮೂರು ದಿನ ಉರಿದ ಕಾಡುಬೆಂಕಿಗೆ 16 ಜನ ಬಲಿಯಾದರು. ಅಲ್ಲಿ ಜನಕ್ಕಾಗಲಿ ಸಲಕರಣೆಗಾಗಲಿ ಅಂತಹ ಕೊರತೆಯಿರಲಿಲ್ಲ. ಒಂದು ದಳದ ರೇಡಿಯೋ ಮಾತು ಇನ್ನೊಂದು ದಳಕ್ಕೆ ಕೇಳಿಸುತ್ತಿರಲಿಲ್ಲ. ಒಂದೇ ಪದಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಎಲ್ಲರ ಮೇಲೂ ಅಧಿಕಾರವುಳ್ಳ ಒಬ್ಬ ನಾಯಕನಿರಲಿಲ್ಲ. ಆ ಅನುಭವದಿಂದ ಏಕನಾಯಕತ್ವದ ವ್ಯವಸ್ಥೆಯೊಂದು ರೂಪುಗೊಂಡಿತು. ಅದನ್ನು ನಮ್ಮ ದೇಶಕ್ಕೆ ಹೊಂದಿಸಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಜಿಲ್ಲೆಯಲ್ಲಿ ಈ ಹೊಣೆ ಜಿಲ್ಲಾಧಿಕಾರಿಯದು. ಸೇನೆಯು ನಾಗರಿಕ ಆಡಳಿತದ ಕೋರಿಕೆಯ ಮೇಲೆ ಬರುತ್ತದೆ. ಮಾಡಬೇಕಾದ ಕೆಲಸವನ್ನು ಆಡಳಿತ ಹೇಳುತ್ತದೆ. ಸೈನಿಕರಿಗೆ ಆಜ್ಞೆಯನ್ನು ಮಾತ್ರ ಅವರ ಅಧಿಕಾರಿಯೇ ಕೊಡುತ್ತಾನೆ.

ಆದರೂ ಬೆಂಕಿಗೆ ಇಷ್ಟೊಂದು ಆಹಾರ ಕಾಡಿನಲ್ಲಿ ಸೇರಿದ್ದು ಹೇಗೆ ಎಂಬುದನ್ನು ಯಾವ ಸೇನಾಪತಿಯೂ ಕೇಳದೆ ಇರಲಾರನು. ಬಂಡೀಪುರದ ಒಳಗೆಲ್ಲ ಲಂಟಾನದ ಪೊದೆ ಹೆಣೆದುಕೊಂಡಿದೆ. ಉದ್ಯಾನದ ಅಲಂಕಾರಕ್ಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಈ ದೇಶಕ್ಕೆ ತಂದ ಗಿಡವಿದು. ಬೇಸಗೆಯಲ್ಲಿ ಒಣಗಿ ನಿಂತಾಗ, ನೆಲದ ಮೇಲೆ ಹರಿಯುವ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುವ ಏಣಿಯಾಗುತ್ತದೆ.

ಇದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ಮಗ್ಗುಲಿನಲ್ಲಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಗಿಡದ ಬಗೆಗೆ ಬೇರೊಂದು ಮಾತನ್ನು ಹೇಳುತ್ತಾರೆ. ಅವರ ಹಿರಿಯರು ಬೇಸಗೆಯ ಆರಂಭದಲ್ಲಿಯೇ, ಹುಲ್ಲು ಪೂರ್ತಿ ಒಣಗುವ ಮೊದಲು, ಕಾಡಿಗೆ ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ತರಗೆಲೆ ಸುಡುತ್ತಿತ್ತು, ಮರ ಉಳಿಯುತ್ತಿತ್ತು. ನೆಲ್ಲಿಮರಕ್ಕೆ ಹತ್ತುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಬಳಿಕ ಈ ಪದ್ಧತಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಬೆಳೆಯಿತೆಂಬುದು ಸೋಲಿಗರ ವಾದ. ವಿಜ್ಞಾನಿಗಳಲ್ಲಿ ಕೆಲವರು ಇದನ್ನು ಸಮರ್ಥಿಸಿದ್ದಾರೆ. ಮತ್ತೆ ಕೆಲವರು, ಲಂಟಾನ ಈಗಾಗಲೇ ತುಂಬಿರುವ ಕಾಡಿನಲ್ಲಿ ಸಣ್ಣ ಬೆಂಕಿಯೂ ದೊಡ್ಡದಾದೀತೆಂದು ಅಂಜುತ್ತಾರೆ. ಎರಡು ಮಾತಿನಲ್ಲಿಯೂ ಹುರುಳಿದೆ. 2011ರಲ್ಲಿ ಸೋಲಿಗರಿಗೆ ಆ ಕಾಡಿನ ಮೇಲಿನ ಸಮುದಾಯದ ಹಕ್ಕುಗಳು ದೊರೆತವು; ಜೇನು, ನೆಲ್ಲಿ, ಪಾಚಿಗಳನ್ನು ಅವರು ಸಂಗ್ರಹಿಸಬಹುದು. ತರಗು ಬೆಂಕಿ ಮಾತ್ರ ವನ್ಯಜೀವಿ ಕಾಯಿದೆಯ 30ನೆಯ ಪ್ರಕರಣದಂತೆ ಇಂದಿಗೂ ಅಪರಾಧವಾಗಿಯೇ ಉಳಿದಿದೆ.